ತಳಕಲ್ ಬಳಿ ಒಂದು ನಿಲುಗಡೆ

ಗದಗ, 30 ಫೆಬ್ರುವರಿ 2161

ಮಾನ್ಯ ಶಿವಪುತ್ರಪ್ಪ ಅಜ್ಜನವರಿಗೆ,

ತಾರೀಖು ತಪ್ಪಿಲ್ಲ; ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ನಿಮ್ಮ ಮಗಳು ನೀಲಾಳ ಮರಿಮಗಳು. ವಯಸ್ಸು ಐವತ್ತೆಂಟು. ನೀವು ತೀರಿಕೊಂಡದ್ದು ನಲವತ್ತೊಂಬತ್ತಕ್ಕೆ. ಅಜ್ಜ ಎನ್ನಬೇಕಾದವರಿಗಿಂತ ನಾನೇ ದೊಡ್ಡವಳು.

ಇಲ್ಲಿ ಪ್ರತಿ ಹುಟ್ಟುಹಬ್ಬಕ್ಕೂ ‘ಉಸಿರೋಲೆ’ ಕೊಡುತ್ತಾರೆ, ಅಂದರೆ ಶ್ವಾಸಕೋಶದ ಶಕ್ತಿ ಅಳೆದು ಬರೆದ ಹಾಳೆ. ಅದನ್ನು ಕನ್ನಡಿಯ ಪಕ್ಕ ಅಂಟಿಸುತ್ತೇವೆ. ಸಿಗರೇಟು ಎಂದರೇನೆಂದು ಮಕ್ಕಳಿಗೆ ಚಿತ್ರ ತೋರಿಸಿ ಹೇಳಬೇಕು. ತೊಂಬತ್ತು ವರ್ಷ ದಾಟಿ ಬದುಕುವುದು ಸುದ್ದಿಯಲ್ಲ. ಅಳತೆಯ ಹೊತ್ತಿಗೆ ಮಗು ಒಂದೇ ಉಸಿರಿನಲ್ಲಿ ಏನಾದರೂ ಹೇಳಬೇಕು. ನಮ್ಮ ಮನೆಯವರು ಹೇಳುವುದು ಕಂಡಕ್ಟರ್ ಆಗಿದ್ದ ನಿಮ್ಮ ಬಸ್ಸಿನ ಊರುಗಳನ್ನು: ಲಕ್ಕುಂಡಿ, ಹಳ್ಳಿಗುಡಿ, ಬನ್ನಿಕೊಪ್ಪ, ತಳಕಲ್. ಅಲ್ಲಿ ಎಲ್ಲರೂ ನಿಲ್ಲುತ್ತೇವೆ. ಆಮೇಲೆ ಭಾನಾಪುರ, ಕೊಪ್ಪಳ, ಹೊಸಪೇಟೆಯವರೆಗೆ. ಏಕೆ ನಿಲ್ಲುತ್ತೀರಿ ಎಂದು ನರ್ಸ್ ಕೇಳಿದರೆ, ಅಲ್ಲಿ ಬಸ್ಸಿಗೆ ಚಹಾದ ಬಿಡುವಿತ್ತೇನೋ ಎನ್ನುತ್ತಿದ್ದೆವು.

ಕಳೆದ ವಾರ ನೀಲಾಳ ಹಳೆಯ ಫೋನಿನ ಧ್ವನಿಮುದ್ರಣಗಳು ಸಿಕ್ಕವು. ವರ್ಷಕ್ಕೊಂದರಂತೆ ಒಂಬತ್ತು, ಎಲ್ಲವೂ ಅವಳ ಹುಟ್ಟುಹಬ್ಬದವು. 2026ರದ್ದು ಮೊದಲನೆಯದು. ಅವಳಿಗೆ ಐದು, ನಿಮಗೆ ನಲವತ್ತು. ಎಲ್ಲ ಊರುಗಳನ್ನೂ ಒಂದೇ ಉಸಿರಿಗೆ ಹೇಳಿ, “ಹೊಸಪೇಟಿ ಬಂತವಾ, ಇಳಿ ಇಳಿ, ಬಾಗಲದಾಗ ನಿಂದರಬ್ಯಾಡ!” ಎಂದು ಗದರಿಸುತ್ತೀರಿ. ಅವಳು ಕೇಕೆ ಹಾಕುತ್ತಾಳೆ. ಐದನೆಯದರಲ್ಲಿ ತಳಕಲ್ ಹತ್ತಿರ ಕೆಮ್ಮು. “ಅಪ್ಪಾ, ಗಾಡಿ ಪಂಚರ್ ಆತೇನು?” “ಹೂಂನವಾ... ತಡಿ ಸ್ವಲ್ಪ.” ಕಡೆಯದರಲ್ಲಿ ನೀವು ಹೇಳುವುದು ಲಕ್ಕುಂಡಿ ಮಾತ್ರ. ಉಳಿದದ್ದನ್ನು ಹದಿಮೂರರ ನೀಲಾ ಹೇಳುತ್ತಾಳೆ. ತಳಕಲ್ ಬಂದಾಗ, ನಿಮಗೆ ಉಸಿರು ಸಿಗಲೆಂದು, ಕಾಯುತ್ತಾಳೆ.

ತೊಂಬತ್ತನೆಯ ವಯಸ್ಸಿನಲ್ಲೂ ಅವಳು ಅಲ್ಲಿ ಕಾಯುತ್ತಿದ್ದಳು. ನಾನು ಕಲಿತದ್ದು ಅವಳಿಂದಲೇ.

ಧೂಮಪಾನ ಸರಾಸರಿ ಹತ್ತು ವರ್ಷ ಆಯುಷ್ಯ ಕಳೆಯುತ್ತದೆ, ನಲವತ್ತರ ಸುಮಾರಿಗೆ ಬಿಟ್ಟರೆ ಅದರಲ್ಲಿ ಒಂಬತ್ತು ಮರಳಿ ಸಿಗಬಹುದು. ಇದು ನಿಮ್ಮ ಕಾಲದ ವೈದ್ಯರಿಗೂ ಗೊತ್ತಿತ್ತು. ಈ ಪತ್ರ ಬರೆಯುತ್ತಿರುವುದು 2026ರ ನಿಮಗೆ; ನಿಮಗೀಗ ನಲವತ್ತು. ಜೇಬಿನಲ್ಲಿರುವ ಸಿಗರೇಟಿನ ಪ್ಯಾಕೆಟ್ ಬಿಸಾಡಿ, ಅಜ್ಜಾ. ಐದು ವರ್ಷದ ನೀಲಾ ಫೋನ್ ಹಿಡಿದು ನಿಂತಿದ್ದಾಳೆ.

ಈ ಪತ್ರ ನಿಮಗೆ ಮುಟ್ಟಿದರೆ ನಮ್ಮ ಮನೆಯ ಮಕ್ಕಳು ತಳಕಲ್ ಬಳಿ ನಿಲ್ಲಬೇಕಾಗಿಲ್ಲ. ಸಹಿ ಹಾಕುವ ಮುನ್ನ ಮೊಮ್ಮಗಳನ್ನು ಕರೆದು ಊರುಗಳನ್ನು ಹೇಳಿಸಿದೆ. ಲಕ್ಕುಂಡಿ, ಹಳ್ಳಿಗುಡಿ, ಬನ್ನಿಕೊಪ್ಪ, ತಳಕಲ್.

ನಿಂತಳು.

ನಿಮ್ಮ
ನಾಗಾಂಬಿಕೆ