ಕುಕ್ಕರ್ ಕೂಗಿದಷ್ಟು ಹೊತ್ತು

ಗದಗ
ಆಷಾಢ ಬಹುಳ ಪಂಚಮಿ, ಕ್ರಿ.ಶ. 2173

ತೀರ್ಥರೂಪ ಕಾಳಪ್ಪಜ್ಜನವರ ಪಾದಗಳಿಗೆ ನೀಲಾಂಬಿಕೆಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಕುಚೋದ್ಯ ಮಾಡಿದ್ದಾರೆಂದು ಈ ಕಾಗದವನ್ನು ಮಡಚಿಡಬೇಡಿ. ನಿಮ್ಮ ಮಗಳು ಕಸ್ತೂರಿ ನನ್ನ ಅಜ್ಜಿಯ ಅಜ್ಜಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಅವರು ಬಿಟ್ಟುಹೋದ ನೋಟುಬುಕ್ಕಿನಿಂದ. ಹಾಗಾಗಿ ವಾಕ್ಯಗಳು ಗಡುಸಾಗಿದ್ದರೆ, ನಡುವೆ ನಮ್ಮ ಕಾಲದ ಪದಗಳು ನುಸುಳಿದ್ದರೆ ಮನ್ನಿಸಬೇಕು. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ ನಮ್ಮಲ್ಲೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ಬರೆಯಲು ನನಗೆ ಬೇರೆ ಯಾರೂ ಇಲ್ಲ.

ನಿಮಗಿದು 2011ನೆಯ ಇಸವಿ. ನಿಮ್ಮ ಮಡದಿ ಈರಮ್ಮನವರು ತೀರಿಕೊಂಡು ಎರಡು ವರ್ಷವಾಗಿದೆ. ನಿಮ್ಮ ಹಾರ್ಮೋನಿಯಂ ರಿಪೇರಿ ಅಂಗಡಿಯ ಅಟ್ಟದ ಮೇಲೆ ಮೂವತ್ತೆಂಟು ವಿಡಿಯೋ ಟೇಪುಗಳಿವೆ. ಕೆಲವಕ್ಕೆ ಬೂಷ್ಟು ಹಿಡಿಯುತ್ತಿದೆ. ಸ್ಟುಡಿಯೋದ ವಿಠ್ಠಲಸಾ ಅವರು ಎಲ್ಲವನ್ನೂ ಹೊಸ ಎಚ್‌ಡಿ ಡಿಸ್ಕಿಗೆ ಏರಿಸಿಕೊಡುವುದಾಗಿ, ಚಿತ್ರ ಕನ್ನಡಿಯ ಹಾಗೆ ಕಾಣುವುದಾಗಿ ಹೇಳಿದ್ದಾರೆ. ಏರಿಸಬೇಕೋ ಬೇಡವೋ ಎಂದು ನೀವು ಹದಿನೈದು ದಿನದಿಂದ ಯೋಚಿಸುತ್ತಿದ್ದೀರಿ. ನಾನು ಬರೆಯುತ್ತಿರುವುದು ಅದರ ಬಗ್ಗೆಯೇ.

ಮೊದಲು ನನ್ನ ವಿಷಯ ಸ್ವಲ್ಪ ಹೇಳುತ್ತೇನೆ. ನನಗೆ ಅರವತ್ತೊಂದು ವರ್ಷ. ಕಸ್ತೂರಿಯಂತೆ ನನಗೂ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ನಮ್ಮ ಕಾಲದಲ್ಲಿ ಅಂಥ ಕೂಸುಗಳಿಗೆ ತಿಂಗಳು ತುಂಬುವ ಮೊದಲೇ ಕಿವಿಬೀಜ ಹಾಕುತ್ತಾರೆ. ಸಾಸಿವೆಯಷ್ಟು ಚಿಕ್ಕದು, ಒಳಗೇ ಬೇರುಬಿಟ್ಟು ಶಬ್ದವನ್ನು ಮಿದುಳಿಗೆ ಮುಟ್ಟಿಸುತ್ತದೆ. ನನಗೆ ಎರಡು ಸಲ ಹಾಕಿದರು, ಎರಡು ಸಲವೂ ಜ್ವರ ಬಂದು ಕರಗಿಹೋಯಿತು. ಕಿವಿಬೀಜ ಬಂದ ಮೇಲೆ ಕೈಯಿಂದ ಮಾತಾಡುವವರೇ ಇಲ್ಲವಾಗಿದ್ದರು. ಆದರೆ ಈರಮ್ಮ ಮತ್ತು ಕಸ್ತೂರಿ ಅಡುಗೆಮನೆಯಲ್ಲಿ ಕೂತು ಹುಟ್ಟಿಸಿದ್ದ ಕೈಮಾತು ನಮ್ಮ ಮನೆಯಲ್ಲಿ ಉಳಿದಿತ್ತು. ಕಸ್ತೂರಿಯಿಂದ ನನ್ನ ಅಜ್ಜಿಗೆ, ಅಜ್ಜಿಯಿಂದ ನನ್ನ ಅವ್ವನಿಗೆ ಬಂದಿತ್ತು. ಅವ್ವ ಅದರಲ್ಲೇ ನನ್ನನ್ನು ಬೆಳೆಸಿದಳು. ಅದರಲ್ಲಿ ಅಪ್ಪ ಎನ್ನಬೇಕಾದರೆ ಎಡಗೈಯಿಂದ ಹಾರ್ಮೋನಿಯಂ ತಿದಿ ಒತ್ತಿದಂತೆ ಮಾಡಬೇಕು. ನನ್ನ ಅಪ್ಪ ಹಾರ್ಮೋನಿಯಂ ಕಂಡವನೇ ಅಲ್ಲ, ಅವನಿಗೂ ಅದೇ ಹೆಸರು.

ಅವ್ವ ಹೋಗಿ ಆರು ವರ್ಷವಾಯಿತು. ಆಮೇಲೆ ನನ್ನ ಕೈಗಳಿಗೆ ಉತ್ತರ ಕೊಡುವವರು ಯಾರೂ ಇಲ್ಲ. ಜನ ಕೆಟ್ಟವರಲ್ಲ. ನಮ್ಮ ಕಾಲದ ಬಿಸಿಲಿಗೆ ಹನ್ನೊಂದರಿಂದ ಐದರವರೆಗೆ ಹೊರಗೆ ಇರಲಾಗುವುದಿಲ್ಲ. ಓಣಿಗೊಂದರಂತೆ ನೆಲದಡಿ ತಂಪುಮನೆಗಳಿವೆ, ಅಲ್ಲಿ ನಲವತ್ತು ಜನ ಒಟ್ಟಿಗೆ ಕೂತು ಸೊಪ್ಪು ಸೋಸುತ್ತೇವೆ, ಬಟ್ಟೆ ಹೊಲಿಯುತ್ತೇವೆ. ಅವರು ಆಡಿದ್ದನ್ನು ನನ್ನ ಕಣ್ಣ ಮುಂದೆ ಬರೆದು ತೋರಿಸುವ ಓದುಪಟ್ಟಿ ಎಂಬ ಗಾಜನ್ನು ನಾನು ಕಟ್ಟಿಕೊಂಡಿರುತ್ತೇನೆ. ಅದು ಒಂದು ಮಾತೂ ಬಿಡುವುದಿಲ್ಲ. ಆದರೆ ನಗೆಮಾತು ಓದಿ ಮುಗಿಸುವಷ್ಟರಲ್ಲಿ ಎಲ್ಲರೂ ನಕ್ಕು ಸುಮ್ಮನಾಗಿರುತ್ತಾರೆ. ಆಮೇಲೆ ನಾನೊಬ್ಬಳೇ ನಗುತ್ತೇನೆ. ಈಚೀಚೆಗೆ ನಗುವುದನ್ನು ಬಿಟ್ಟಿದ್ದೇನೆ.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ಮುಂದೇನು ಮಾಡಿದಿರಿ ಎಂಬುದನ್ನು ಕಸ್ತೂರಿ ಬರೆದಿಟ್ಟಿದ್ದಾರೆ. ಒಂದು ಮಂಗಳವಾರ ಟೇಪುಗಳನ್ನು ಎರಡು ಚೀಲದಲ್ಲಿ ತುಂಬಿಕೊಂಡು ಅವರನ್ನೂ ಕರೆದುಕೊಂಡು ಸ್ಟುಡಿಯೋಕ್ಕೆ ಹೋದಿರಿ. ವಿಠ್ಠಲಸಾ ನಾಲ್ಕಾರು ಟೇಪು ಹಾಕಿ ನೋಡಿದರು. ಮದುವೆ, ತೊಟ್ಟಿಲು, ಮನೆಶಾಂತಿ ಎಲ್ಲ ಇದ್ದವು. ಅವುಗಳಿಗಿಂತ ಹೆಚ್ಚಾಗಿ ಈರಮ್ಮ ಮತ್ತು ಕಸ್ತೂರಿ ಒಲೆಯ ಮುಂದೆ ಕೂತು ಕೈಯಾಡಿಸುವುದೇ ಇತ್ತು. ಕ್ಯಾಮೆರಾವನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಬಿಟ್ಟುಹೋಗುತ್ತಿದ್ದವರು ನೀವೇ. ಅವರ ಕೈಗಳ ಓಟ ನಿಮ್ಮ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಆಮೇಲೆ ನಿಧಾನವಾಗಿ ನೋಡಿ ತಿಳಿದುಕೊಂಡರಾಯಿತು ಎಂದುಕೊಂಡಿದ್ದಿರಿ.

ವಿಠ್ಠಲಸಾ ಹೇಳಿದ ಮಾತನ್ನು ಕಸ್ತೂರಿ ಅರ್ಧ ತುಟಿ ನೋಡಿ ತಿಳಿದರು, ಉಳಿದದ್ದನ್ನು ಮುಂದೆ ನೀವೇ ಅವರಿಗೆ ಹೇಳಿದಿರಿ. ನೋಟುಬುಕ್ಕಿನಲ್ಲಿ ಅದು ಹೀಗಿದೆ:

"ಸಪ್ಪಳಾನ ಇಲ್ಲದ್ದು ಭಾಳ ಐತ್ರೀ ಕಾಳಪ್ಪನವರ, ಬರೇ ಕೈ ಆಡಸೂದು. ಅದನ್ನ ತಗದಬಿಟ್ರ ಎಲ್ಲಾ ಒಂಬತ್ತು ಡಿಸ್ಕಿನ್ಯಾಗ ಕುಂದರತೈತಿ. ನೋಡಾವ್ರಿಗೂ ಬ್ಯಾಸರ ಆಗೂದಿಲ್ಲ."

ಅವರ ಮಾತಿನಲ್ಲಿ ಕೇಡೇನೂ ಇರಲಿಲ್ಲ. ನೀವು ಹೂಂ ಎಂದಿರಿ. ಕಸ್ತೂರಿ ನಿಮ್ಮ ತೋಳು ಮುಟ್ಟಿ, ಏನಂದರು ಎಂದು ಕೇಳಿದರು. ನೀವು ಅಂಗೈ ಅಲ್ಲಾಡಿಸಿ ಏನಿಲ್ಲ ಎಂದಿರಿ. ಮನೆಗೆ ಯಾರು ಬಂದು ಏನು ಹೇಳಿದರೂ ತನಗೆ ಸಿಗುತ್ತಿದ್ದ ಉತ್ತರ ಅದೇ ಎಂದು ಅವರು ಬರೆದಿದ್ದಾರೆ. ಈರಮ್ಮನವರೊಬ್ಬರು ಮಾತ್ರ ಹಾಗೆ ಅಂದವರಲ್ಲವಂತೆ.

ತಿಂಗಳ ನಂತರ ಡಿಸ್ಕುಗಳು ಬಂದವು. ಒಂದು ಭಾನುವಾರ ನೀವಿಬ್ಬರೂ ಊಟ ಮುಗಿಸಿ ನೋಡಲು ಕೂತಿರಿ. ಸೀರೆಯ ಅಂಚಿನ ಎಳೆ ಎಣಿಸುವ ಹಾಗಿತ್ತಂತೆ. ಒಂಬತ್ತನೆಯ ಡಿಸ್ಕು ಮುಗಿದರೂ ಅಡುಗೆಮನೆ ಬರಲಿಲ್ಲ. ಬಂದದ್ದು ಬರೀ ತುಣುಕುಗಳು. ವಿಠ್ಠಲಸಾ ಕಂಪ್ಯೂಟರಿನಲ್ಲಿ ಶಬ್ದದ ಗೆರೆ ನೋಡಿಕೊಂಡು ಕತ್ತರಿಸಿದ್ದರು. ಗೆರೆ ಸಪಾಟಾಗಿದ್ದ ಕಡೆಯೆಲ್ಲ ತೆಗೆದುಬಿಟ್ಟಿದ್ದರು. ಕುಕ್ಕರ್ ಸೀಟಿ ಹೊಡೆದಾಗ, ಹೊರಗೆ ಲಾರಿ ಹಾರ್ನ್ ಮಾಡಿದಾಗ, ಲೋಟ ಬಿದ್ದಾಗ ಮಾತ್ರ ಈರಮ್ಮನ ಕೈಗಳು ಉಳಿದಿದ್ದವು. ಕಸ್ತೂರಿ ಎದ್ದು ಒಳಗೆ ಹೋದರು. ಮರುದಿನ ನೀವು ಸ್ಟುಡಿಯೋದ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿರಿ. ಟೇಪುಗಳು ಗುಜರಿಗೆ ಹೋಗಿ ವಾರವಾಗಿತ್ತು. "ಅವು ಮತ್ತ ಬೇಕಂತ ನೀವು ಹೇಳಿರಲಿಲ್ಲಲ್ರೀ" ಎಂದು ವಿಠ್ಠಲಸಾ ತಲೆ ತಗ್ಗಿಸಿದರಂತೆ. ಅಂದು ಸಂಜೆ ನೀವು ಮಗಳ ಮುಂದೆ ಕೂತು, ಅವಳು ತುಟಿ ಓದಲೆಂದು ಬಿಡಿಸಿ ಬಿಡಿಸಿ ಹೇಳಿದಿರಿ. "ನಿಮ್ಮವ್ವ ಏನೇನ್ ಅಂತಿದ್ಲು, ನನಗ ಕಲಸವಾ."

ನೀವು ಕಲಿತಿರಿ. ನಿಮಗೆ ಐವತ್ತಾರು ವರ್ಷವಾಗಿತ್ತು. 'ಅಪ್ಪನ ಕೈ ತೊದಲುತ್ತದೆ, ಆದರೂ ದಿನಾ ಕೂರುತ್ತಾರೆ' ಎಂದು ಕಸ್ತೂರಿ ಬರೆದಿದ್ದಾರೆ. ಒಂದು ವರ್ಷದಲ್ಲಿ ನೀವಿಬ್ಬರೂ ಜಗಳವಾಡುವಷ್ಟು ಮಾತು ಬಂತಂತೆ. ನನ್ನ ತನಕ ಬಂದದ್ದು ನೀವಿಬ್ಬರೂ ಹೀಗೆ ಉಳಿಸಿಕೊಂಡ ಮಾತೇ.

ಒಂಬತ್ತು ಡಿಸ್ಕುಗಳಲ್ಲಿ ಈಗ ಮೂರು ಮಾತ್ರ ಓಡುತ್ತವೆ. ಅವನ್ನು ಓದುವ ಯಂತ್ರ ಧಾರವಾಡದ ಹಳೆನೋಟದ ಮನೆಯಲ್ಲಿದೆ. ಹಳೆಯ ಚಿತ್ರಗಳನ್ನು ಕಾಯುವ ಜಾಗ ಅದು. ವರ್ಷಕ್ಕೊಮ್ಮೆ ಹೋಗುತ್ತೇನೆ. ಈರಮ್ಮನವರು ಹದಿನಾಲ್ಕು ಸೆಕೆಂಡು ಕಾಣುತ್ತಾರೆ. ಓದುಪಟ್ಟಿ 'ಕುಕ್ಕರ್ ಸೀಟಿ' ಎಂದು ಬರೆಯುತ್ತದೆ. ಅವರು ಮಗಳ ಕಡೆ ಬಾಗಿ, ಎರಡು ಬೆರಳನ್ನು ಗಲ್ಲದಿಂದ ಎತ್ತಿ, ಏನನ್ನೋ ಹೇಳಲು ತೊಡಗುತ್ತಾರೆ. ಅಷ್ಟರಲ್ಲಿ ಯಾರದೋ ಮದುವೆಯ ಮೆರವಣಿಗೆ ಬರುತ್ತದೆ. ಈ ಸಲ ಅಲ್ಲಿನ ಜುಲೇಖಾ ನನ್ನ ಮುಖ ನೋಡಿ ಮರುಗಿದರು. ಅವರಲ್ಲಿ ತುಂಬುನೋಟ ಎಂಬ ಯಂತ್ರವಿದೆ. ಹೋದದ್ದನ್ನೆಲ್ಲ ಊಹಿಸಿ ಅದು ತುಂಬಿಕೊಡುತ್ತದೆ. "ಅರವತ್ತು ತಾಸು ಬೇಕಾದರೂ ಮಾಡಿಕೊಡ್ತೀನ್ರಿ, ಅವರ ಕೈ ಮುಂದ ಓಡತಾವ" ಎಂದರು. ನಾನು ಒಂದು ಇಡೀ ದಿನ ಯೋಚಿಸಿ ಬೇಡವೆಂದೆ. ಆ ಕೈಗಳು ಚೆಂದವಾಗಿ ಆಡುತ್ತವೆ, ಆದರೆ ಯಾರೂ ಆಡದ ಮಾತನ್ನು ಆಡುತ್ತವೆ. ಅದನ್ನು ನಾನು ನಂಬಿಬಿಡುತ್ತೇನೆ ಎಂಬುದೇ ನನ್ನ ಹೆದರಿಕೆ.

ಇಷ್ಟು ಬರೆದ ಮೇಲೂ ಒಂದು ಅಳುಕು ಉಳಿದಿದೆ. ಟೇಪುಗಳು ಅಟ್ಟದ ಮೇಲೆ ಹಾಗೇ ಉಳಿದಿದ್ದರೆ, ಆಮೇಲೆ ನೋಡಿದರಾಯಿತು ಎಂದು ನೀವು ಸುಮ್ಮನಿರುತ್ತಿದ್ದಿರೋ ಏನೋ. ಆಗ ಈ ಕೈಮಾತು ನನಗೆ ಬರುತ್ತಲೇ ಇರಲಿಲ್ಲ. ಅವ್ವ ನನ್ನೊಡನೆ ಹೇಗೆ ಮಾತಾಡುತ್ತಿದ್ದಳೋ ತಿಳಿಯದು. ಹಾಗಿದ್ದೂ ಟೇಪುಗಳನ್ನು ಕಳೆದುಕೊಳ್ಳಬೇಡಿ ಎಂದೇ ಕೇಳುತ್ತಿದ್ದೇನೆ. ಎಂಬತ್ತನೆಯ ವಯಸ್ಸಿನಲ್ಲಿ ಕಸ್ತೂರಿ ಬರೆದ ಒಂದು ಸಾಲಿದೆ. 'ಅವ್ವ ನನ್ನನ್ನು ಕರೆಯಲು ಇಟ್ಟಿದ್ದ ಹೆಸರು ಇವತ್ತು ಕೈಗೆ ಬರುತ್ತಿಲ್ಲ. ಅಪ್ಪ ಕರೆಯುತ್ತಿದ್ದುದು ನೆನಪಿದೆ, ಅದು ಬೇರೆ.' ಅದರ ಮುಂದೆ ಅವರು ಏನನ್ನೂ ಬರೆದಿಲ್ಲ. ಆ ಹೆಸರು ಆ ಮೂವತ್ತೆಂಟು ಟೇಪುಗಳಲ್ಲಿ ಸಾವಿರ ಸಲ ಇದ್ದಿರಬೇಕು.

ಆದ್ದರಿಂದ ಅಜ್ಜಾ, ಡಿಸ್ಕಿಗೆ ಏರಿಸುವುದಾದರೆ ಏರಿಸಿ, ಒಂದು ಚೂರೂ ತೆಗೆಯದೆ ಏರಿಸಿ. ಎಷ್ಟು ಡಿಸ್ಕು ಹಿಡಿದರೂ ಹಿಡಿಯಲಿ. ಟೇಪುಗಳನ್ನು ಬೂಷ್ಟಿನ ಸಮೇತ ಮನೆಗೆ ತನ್ನಿ. ಕಲಿಯುವುದನ್ನು ಮಾತ್ರ, ಏನೂ ಕಳೆದುಕೊಳ್ಳದೆಯೇ, ಈ ವಾರದಿಂದಲೇ ಶುರು ಮಾಡಿ.

ಇಷ್ಟೆಲ್ಲ ನೆನಪಿನಲ್ಲಿ ಉಳಿಯದಿದ್ದರೆ ಒಂದೇ ಒಂದನ್ನು ಮಾಡಿ. ವಿಠ್ಠಲಸಾ ಅವರು ಕೇಳುವುದನ್ನು ಕೇಳಿ, ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತಾರೆ. ಕಸ್ತೂರಿ ನಿಮ್ಮ ಪಕ್ಕದಲ್ಲೇ ಇರುತ್ತಾಳೆ. ಹೂಂ ಎನ್ನುವ ಮೊದಲು ಅವಳ ಕಡೆ ತಿರುಗಿ.

ನಿಮ್ಮ ಮಗಳ ಮೊಮ್ಮಗಳ ಮೊಮ್ಮಗಳು,
ನೀಲಾಂಬಿಕೆ