ಗ್ಲಾಸಿನ ಮೇಲೆ ಅಡ್ಡ ಇಟ್ಟ ಚಮಚ

ಪ್ರೀತಿಯ ಅಬ್ಬಾ,

ನಿಂತಿದ್ದರೆ ಮೊದಲು ಕುಳಿತುಕೊಳ್ಳಿ, ಸುದ್ದಿ ದೊಡ್ಡದು. ಮಣಿಪಾಲದಲ್ಲಿ ತುರ್ಕಿ ಹೋಟೆಲ್ ಆಗಿದೆ! ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ನಡೆದುಕೊಂಡೇ ಹೋಗಬಹುದು. ಐದೇ ಮೇಜಿನ ಸಣ್ಣ ಹೋಟೆಲು, ಒಂದು ಕಡೆ ಹೂಕುಂಡ, ಇನ್ನೊಂದು ಕಡೆ ಪಕ್ಕದ ಮನೆಯವರ ಒಗೆದ ಬಟ್ಟೆ. ಆದರೆ ಹೋಟೆಲ್ ಆದದ್ದು ಅರ್ಧ ಸುದ್ದಿ ಮಾತ್ರ. ಉಳಿದರ್ಧ ಉಮ್ಮನದ್ದು. ಅದನ್ನು ಈಗಲೇ ಹೇಳಿದರೆ ನೀವು ಪತ್ರ ಪೂರ್ತಿ ಓದುವುದಿಲ್ಲ. ಪೇಪರನ್ನು ಕೊನೆಯ ಪುಟದಿಂದ ಓದುವವರಲ್ಲವೇ ನೀವು?

ನೀವು ಶಾರ್ಜಾದಿಂದ ಬರೆಯುತ್ತಿದ್ದ ಕಾಗದಗಳು ನೆನಪಿವೆಯಾ? ಮನೆಯಲ್ಲಿ ಆಡುವುದು ಬ್ಯಾರಿ ಭಾಷೆಯಾದರೂ ಕಾಗದಕ್ಕೆ ಕನ್ನಡವೇ ಆಗಬೇಕು ನಿಮಗೆ. "ಸಮೀನಾ, ಚೆನ್ನಾಗಿ ಓದು. ಉಮ್ಮನ ಮಾತು ಕೇಳು. ಇಲ್ಲಿ ಸೆಕೆ ಜಾಸ್ತಿ." ಅಷ್ಟೇ, ಕೆಳಗೆ ಸಹಿ. ಕೆಲಸದ ಬಗ್ಗೆ "ಹೋಟೆಲ್ ಲೈನ್" ಎನ್ನುವುದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಅದು ತುರ್ಕಿಯವರ ಹೋಟೆಲೆಂದು ಉಮ್ಮನಿಂದ ಕೇಳಿ, ನಾನು ಶಾಲೆಯಲ್ಲಿ ನನ್ನ ಅಬ್ಬ ತುರ್ಕಿ ಹೋಟೆಲಿನ ಮ್ಯಾನೇಜರ್ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಒಂದು ರಜೆಯಲ್ಲಿ ಬಂದಾಗ ನನ್ನ ಗೆಳತಿಯರ ಎದುರಿಗೇ ನೀವು ನಗುತ್ತಾ, "ನನ್ನ ಕೆಲಸ ಚಹಾ ಕೊಡುವುದು" ಎಂದುಬಿಟ್ಟಿರಿ. ಆವತ್ತು ರಾತ್ರಿಯ ತನಕ ನಾನು ನಿಮ್ಮ ಜೊತೆ ಮಾತಾಡಲಿಲ್ಲ. ನಿಮಗೆ ಅದು ಗೊತ್ತಾಗಿತ್ತಾ? ಗೊತ್ತಾಗಿದ್ದರೆ ಈಗ ಕ್ಷಮಿಸಿ. ನನಗೆ ಆ ಕೆಲಸ ಏನೆಂದು ಅರ್ಥವಾದದ್ದು ಹೋದ ಸೋಮವಾರ, ನನ್ನ ಮೂವತ್ತನೇ ವಯಸ್ಸಿನಲ್ಲಿ.

ಅದೇ ರಜೆಯಲ್ಲಿ ನೀವು ಆರು ಗ್ಲಾಸು ತಂದಿರಿ. ನಡು ಸಣ್ಣಗಿರುವ, ಬೆರಳಿನಷ್ಟು ಎತ್ತರದ ಗ್ಲಾಸುಗಳು, ಜೊತೆಗೆ ಆಟದ ಸಾಮಾನಿನಂಥ ಚಮಚಗಳು. ಉಮ್ಮ "ಇದರಲ್ಲಿ ಯಾರ ಬಾಯಿ ಒದ್ದೆಯಾಗುತ್ತದೆ?" ಎಂದು ನಕ್ಕರೂ ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ಊರಿನಲ್ಲಿದ್ದಷ್ಟು ದಿನವೂ ಸಂಜೆ ಅಸರ್ ನಮಾಜು ಮುಗಿಸಿ ಬಂದ ಮೇಲೆ ನೀವು ಜಗಲಿಯಲ್ಲಿ ಕುಳಿತು ಅದರಲ್ಲಿ ಕರಿಚಹಾ ಕುಡಿಯಬೇಕು, ಕುಡಿದಾದ ಮೇಲೆ ಚಮಚವನ್ನು ಗ್ಲಾಸಿನ ಬಾಯಿಗೆ ಅಡ್ಡ ಇಡಬೇಕು. ನೀವು ಶಾರ್ಜಾ ಸೇರಿದ ಮೇಲೆಯೇ ಮದುವೆಯಾದವರು, ಆ ವರ್ಷದಿಂದಲೂ ಇದು ನಿಮ್ಮ ಅಭ್ಯಾಸವಂತೆ, ಆಗ ಗ್ಲಾಸು ಮಾತ್ರ ಸ್ಟೀಲಿನದ್ದು.

ಹೊಸ ಮದುಮಗಳಾಗಿದ್ದಾಗ ಉಮ್ಮ ಆ ಚಮಚ ನೋಡಿ ಗಲಿಬಿಲಿಯಾಗಿ ಅಜ್ಜಿಯನ್ನು ಕೇಳಿದ್ದಳಂತೆ. ಅಜ್ಜಿಯ ಉತ್ತರ ತಯಾರಾಗಿತ್ತು: "ಬೇಡದಿದ್ದರೆ ಗ್ಲಾಸು ಆಚೆ ದೂಡುತ್ತಿದ್ದ. ಚಮಚ ಮೇಲೆ ಇಟ್ಟು ಕಾಯ್ತಿದ್ದಾನೆ ಅಂದರೆ ಇನ್ನೊಂದು ಗ್ಲಾಸಿನ ಸಕ್ಕರೆ ಕಲಸಲಿಕ್ಕೆ. ಹೋಗಿ ಹಾಕು." ಉಮ್ಮ ಹಾಕಿದಳು. ನೀವು ಕುಡಿದಿರಿ. ಮತ್ತೆ ಚಮಚ ಅಡ್ಡ, ಮತ್ತೆ ಉಮ್ಮ. ಕೆಟಲ್ ಖಾಲಿಯಾದ ಮೇಲೆಯೇ ನಿಲ್ಲುತ್ತಿದ್ದುದು. ಗಂಡ ಬಾಯಿ ಬಿಟ್ಟು ಕೇಳುವ ಮೊದಲೇ ಅವನ ಮನಸ್ಸು ತನಗೆ ತಿಳಿಯುತ್ತದೆ ಎಂದು ಉಮ್ಮನಿಗೆ ಎಷ್ಟು ಜಂಬ! ತವರಿಗೆ ಹೋದಾಗ ತಂಗಿಯರಿಗೆಲ್ಲ ಈ ಚಮಚದ ಕಥೆಯನ್ನು ಹೇಳುತ್ತಿದ್ದಳು.

ಆ ಕೊನೆಯ ಸಂಜೆ... ಅದನ್ನು ಬರೆಯದೆ ಮುಂದೆ ಹೋಗಲಿಕ್ಕಾಗುವುದಿಲ್ಲ ಅಬ್ಬಾ. ಪಕ್ಕದ ಮನೆಯಲ್ಲಿ ಮದರಂಗಿ, ಉಮ್ಮ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ನೀವು ಚಹಾ ಮುಗಿಸಿ ಚಮಚ ಅಡ್ಡ ಇಟ್ಟದ್ದನ್ನು ಕಿಟಕಿಯಿಂದ ನೋಡಿ, "ಒಂದು ನಿಮಿಷ, ಈಗ ಕೈ ಬಿಡುವಿಲ್ಲ" ಎಂದಳು. ಅವಳು ಕೆಟಲ್ ಹಿಡಿದು ಹೊರಗೆ ಬರುವಾಗ ನೀವು ಮಗ್ರಿಬ್ ನಮಾಜಿಗೆ ಹೊರಟುಹೋಗಿದ್ದಿರಿ. ಮಸೀದಿಯ ಮೆಟ್ಟಿಲ ಹತ್ತಿರ ಕುಸಿದವರು ಮತ್ತೆ ಏಳಲಿಲ್ಲ. ಆ ದಿನದಿಂದ ಉಮ್ಮ ಚಹಾ ಮುಟ್ಟಲಿಲ್ಲ. "ಕೊನೆಯದಾಗಿ ಒಂದು ಗ್ಲಾಸು ಚಹಾ ಕೇಳಿದರು, ಕೊಡಲಿಲ್ಲ. ಸಿಟ್ಟಿನಲ್ಲಿ ಎದ್ದು ಹೋದರು" ಎಂದು ಮನೆಗೆ ಬಂದವರೆಲ್ಲರ ಹತ್ತಿರ ಹೇಳುತ್ತಿದ್ದಳು. ನಾನು ಜಗಲಿಯಲ್ಲೇ ಇದ್ದೆ, ನಿಮ್ಮ ಮುಖದಲ್ಲಿ ಸಿಟ್ಟಿರಲಿಲ್ಲ. ಕರ್ಚೀಫಿನಲ್ಲಿ ತುಟಿ ಒರೆಸಿಕೊಂಡು, ಟೊಪ್ಪಿ ಸರಿ ಮಾಡಿಕೊಂಡು, "ಬರ್ತೇನೆ" ಎಂದು ಹೋದಿರಿ. ನೂರು ಸಲ ಹೇಳಿದ್ದೇನೆ. "ನನ್ನ ಸಮಾಧಾನಕ್ಕೆ ಹೇಳ್ತಿ" ಎಂದು ಅವಳು ಮುಖ ತಿರುಗಿಸುತ್ತಿದ್ದಳು. ಮೂರು ವರ್ಷ, ಅಬ್ಬಾ. ಆ ಆರು ಗ್ಲಾಸುಗಳು ಶೋಕೇಸಿನಲ್ಲಿ ಬೀಗದೊಳಗೆ.

ಹೋದ ಸೋಮವಾರ ಮಧ್ಯಾಹ್ನ ಪ್ರಜ್ಞಾ ನನ್ನ ಕೈ ಹಿಡಿದು ಎಳೆದಳು. ಪೆರ್ಡೂರಿನವಳು, ಅಂಗಡಿಯಲ್ಲಿ ನನ್ನ ಪಕ್ಕದ ಕುರ್ಚಿ, ಹೊಸ ತಿಂಡಿ ಎಲ್ಲಿದೆ ಎಂದು ಮೂಗಿನಲ್ಲೇ ಪತ್ತೆ ಮಾಡುವವಳು. "ಬಾ ಮಾರಾಯ್ತಿ, ತುರ್ಕಿ ಹೋಟೆಲ್ ಉಂಟು. ಸೋಮವಾರ ನಾನು ಮೀನು-ಮಾಂಸ ತಿನ್ನುವುದಿಲ್ಲ, ಅದಕ್ಕೆ ಬೇಳೆ ಸೂಪು ಉಂಟಾ ಅಂತ ಮೊದಲೇ ಕೇಳಿ ಬಂದಿದ್ದೇನೆ" ಎಂದಳು. ಒಳಗೆ ಕಾಲಿಟ್ಟದ್ದೇ ತಡ, ನಾನು ನಿಂತುಬಿಟ್ಟೆ. ಬೆಣ್ಣೆಯಲ್ಲಿ ಕೆಂಪು ಮೆಣಸಿನ ಪುಡಿಯೂ ಒಣ ಪುದೀನವೂ ಸಿಡಿಯುವ ಪರಿಮಳ! ಪ್ರತಿ ರಜೆಯಲ್ಲಿ ಒಂದು ದಿನ ನೀವು ಉಮ್ಮನನ್ನು ಅಡಿಗೆಮನೆಯಿಂದ ಹೊರಗಟ್ಟಿ ಮಾಡುತ್ತಿದ್ದ ಕೆಂಪು ಬೇಳೆಯ ಸೂಪು. ನೀವು ಸ್ನಾನಕ್ಕೆ ಹೋದಾಗ ಉಮ್ಮ ಅದಕ್ಕೆ ಮೆಲ್ಲ ತೆಂಗಿನಕಾಯಿ ಅರೆದು ಸೇರಿಸುತ್ತಿದ್ದಳಲ್ಲ, ಅದೇ.

ಹೋಟೆಲಿನ ಸುಧಾಕರಣ್ಣ ಕಾರ್ಕಳದ ಕುಕ್ಕುಂದೂರಿನವರು. ತುರ್ಕಿಯ ಇಜ್ಮಿರಿನಲ್ಲಿ ಅಡಿಗೆ ಕೆಲಸ ಮಾಡುತ್ತಾ ಅಲ್ಲಿಯವರೇ ಆದ ಎಲಿಫ್ ಅವರನ್ನು ಮದುವೆಯಾಗಿ ಊರಿಗೆ ಮರಳಿದ್ದಾರೆ. ಒಲೆ ಅವರದ್ದು, ಮೇಜು ಎಲಿಫ್ ಅವರದ್ದು. ಎಲಿಫ್ ಅವರ ಕನ್ನಡ ಕೇಳಬೇಕು ಅಬ್ಬಾ, ಅತ್ತೆ ಕಲಿಸಿದ್ದಂತೆ. "ಎಂತ ಬೇಕು? ಸೂಪು ಬಿಸಿ ಉಂಟು, ಮೆಲ್ಲ ಕುಡಿಯಿರಿ" ಎಂದು ಒಂದೊಂದು ಅಕ್ಷರವನ್ನೂ ಒತ್ತಿ ಹೇಳುತ್ತಾರೆ. ನಾನು ಸೂಪಿಗೆ ನಿಂಬೆ ಹಿಂಡಿ ಮೊದಲ ಚಮಚ ಬಾಯಿಗಿಟ್ಟೆ. ಹೇಗಿತ್ತು ಎಂದು ನಿಮಗೆ ಹೇಳಬೇಕಾ? ಬಟ್ಟಲು ಖಾಲಿಯಾದದ್ದು ಗೊತ್ತಾಗಲಿಲ್ಲ. ಆಮೇಲೆ ಮೊಸರಿನಲ್ಲಿ ಅದ್ದಿದ ಸುಟ್ಟ ಬದನೆ, ದೋಣಿಯ ಆಕಾರದ ರೊಟ್ಟಿ. ಪ್ರಜ್ಞಾ ತಟ್ಟೆ ಒರೆಸಿ ತಿಂದಳು.

ಊಟ ಮುಗಿದದ್ದೇ ಕೇಳದೆ ಚಹಾ ಬಂತು. ನಮ್ಮದೇ ಗ್ಲಾಸು, ಅದೇ ಸಣ್ಣ ನಡು! ಕುಡಿದೆವು. ಎಲಿಫ್ ಮತ್ತೆ ಹಾಕಿದರು. ಕುಡಿದೆವು, ಮತ್ತೆ ಹಾಕಿದರು. ಪ್ರಜ್ಞಾ ಹೊಟ್ಟೆ ಹಿಡಿದುಕೊಂಡು, "ಅಕ್ಕ, ನಿಮ್ಮಲ್ಲಿ ಇದನ್ನು ನಿಲ್ಲಿಸುವುದು ಹೇಗೆ ಮಾರಾಯ್ರೆ?" ಎಂದು ಕೇಳಿಯೇಬಿಟ್ಟಳು. ಎಲಿಫ್ ನಕ್ಕು, ಅವಳ ಗ್ಲಾಸಿನ ಕೆಳಗಿನ ತಟ್ಟೆಯಿಂದ ಚಮಚ ತೆಗೆದು ಗ್ಲಾಸಿನ ಮೇಲೆ ಅಡ್ಡ ಇಟ್ಟರು. "ಹೀಗೆ ಇಟ್ರೆ ಸಾಕು ಅಂತ. ಹೊಟ್ಟೆಯೂ ತುಂಬಿತು, ಮನಸ್ಸೂ ತುಂಬಿತು. ಇದು ಇಡುವವರೆಗೆ ನಾವು ಹಾಕ್ತಾ ಇರ್ತೇವೆ."

ಇನ್ನೊಮ್ಮೆ ಹೇಳಿ ಎಂದೆ. ಹೇಳಿದರು. ಮತ್ತೊಮ್ಮೆ ಕೇಳಿದೆ. ಒಳಗಿನಿಂದ ಸುಧಾಕರಣ್ಣ ಕೂಗಿ ಹೇಳಿದರು, "ಹೌದು, ಅಲ್ಲಿ ಎಲ್ಲರೂ ಹಾಗೆಯೇ. ಚಹಾದವನಿಗೆ ಬೇರೆ ಕೆಲಸವೇ ಇಲ್ಲ, ಬೆಳಿಗ್ಗೆಯಿಂದ ಚಮಚದ ಮೇಲೆಯೇ ಕಣ್ಣು." ಬೆಳಿಗ್ಗೆಯಿಂದ ಚಮಚದ ಮೇಲೆ ಕಣ್ಣು! ಅಷ್ಟು ವರ್ಷ ನೀವು ಮಾಡಿದ್ದು ಅದು. ಕಂಡವರ ಗ್ಲಾಸು ಬರಿದಾಗದಂತೆ ನೋಡಿಕೊಂಡು, ಅವರ ಮನಸ್ಸು ತುಂಬುವವರೆಗೆ ಹಾಕುತ್ತಾ ಹೋಗುವುದು. ಅದಕ್ಕೆ ನಾನು ನಾಚಿಕೊಂಡಿದ್ದೆನಲ್ಲ...

ಆ ಸಂಜೆ ಮಣಿಪಾಲದಿಂದ ಉಡುಪಿಗೆ, ಉಡುಪಿಯಿಂದ ಕಾಪುವಿಗೆ ಬಸ್ಸಿನುದ್ದಕ್ಕೂ ನಾನು ಸೀಟಿನ ತುದಿಯಲ್ಲೇ ಕುಳಿತಿದ್ದೆ. ನಡುವೆ ಒಂದು ಅನುಮಾನವೂ ಬಂತು. ನಮ್ಮ ಮನೆಯಲ್ಲಿ ಚಮಚ ಇಟ್ಟರೆ ಉಮ್ಮ ಇನ್ನಷ್ಟು ಹಾಕುತ್ತಾಳೆ ಎಂದು ನಿಮಗೆ ಗೊತ್ತಿತ್ತಲ್ಲ. ಹಾಗಾದರೆ ಆ ಸಂಜೆ ಇಟ್ಟದ್ದು ಯಾವ ಅರ್ಥದಲ್ಲಿ? ಆಮೇಲೆ ಹೊಳೆಯಿತು. ಉಳಿದ ದಿನಗಳಲ್ಲಿ ಚಮಚ ಇಟ್ಟ ಮೇಲೆ ನೀವು ಪೇಪರ್ ಬಿಡಿಸಿಕೊಂಡು ಕುಳಿತೇ ಇರುತ್ತಿದ್ದಿರಿ, ಅವಳು ಬರುತ್ತಾಳೆ ಎಂದು. ಆವತ್ತು ಕಾಯಲಿಲ್ಲ, ತುಟಿ ಒರೆಸಿಕೊಂಡು ಎದ್ದಿರಿ. ಇನ್ನೂ ಬೇಕಾಗಿದ್ದವರು ತುಟಿ ಒರೆಸಿಕೊಳ್ಳುತ್ತಾರಾ? ಆದರೆ ಇಷ್ಟು ವರ್ಷ ನೀವು ಯಾಕೆ ಅವಳಿಗೆ ಒಂದು ಮಾತು ಹೇಳಲಿಲ್ಲ? ಇದಕ್ಕೆ ಮಾತ್ರ ಬಸ್ಸಿನಲ್ಲಿ ಉತ್ತರ ಸಿಗಲಿಲ್ಲ.

ಮನೆಯಲ್ಲಿ ಹೇಳಲಿಲ್ಲ ನಾನು. ನನ್ನ ಬಾಯಿಂದ ಬಂದರೆ ಅದೂ ಸಮಾಧಾನದ ಮಾತೇ ಆಗುತ್ತಿತ್ತು. ಊಟಕ್ಕೆ ಹೋಗುವ ಎಂದರೆ, "ಹೋಟೆಲಿಗಾ? ನನಗೆಂತ ಬಂದಿದೆ? ಬಂಗುಡೆ ಸಾರು ಉಂಟು" ಎಂದಳು. ಕೊನೆಗೆ ಕನ್ನಡಕದ ನಂಬರ್ ಹಳತಾಗಿದೆ, ನೋಡಿಸದಿದ್ದರೆ ಕಣ್ಣು ಹಾಳಾಗುತ್ತದೆ ಎಂದು ಹೆದರಿಸಿ ನಿನ್ನೆ ಮಣಿಪಾಲಕ್ಕೆ ಕರೆದುಕೊಂಡು ಬಂದೆ. ಸುಳ್ಳಲ್ಲ ಬಿಡಿ, ನಂಬರ್ ನಿಜವಾಗಿಯೂ ಬದಲಾಗಿತ್ತು.

ಸೂಪಿನ ಬಟ್ಟಲು ಎದುರಿಗೆ ಬಂದಾಗ ಉಮ್ಮ ಅದರ ಮೇಲೆ ಬಗ್ಗಿ ಪರಿಮಳ ಎಳೆದುಕೊಂಡಳು. "ಇದು ನಿನ್ನ ಅಬ್ಬ ಮಾಡ್ತಿದ್ದದ್ದು" ಎಂದಳು. ಅರ್ಧ ಕುಡಿದು, "ಸ್ವಲ್ಪ ತೆಂಗಿನಕಾಯಿ ಹಾಕಿದ್ರೆ ಇನ್ನೂ ಒಳ್ಳೆದಿತ್ತು" ಎಂದದ್ದೂ ಅವಳೇ. ಆಮೇಲೆ ಚಹಾ ಬಂತು. ಉಮ್ಮ ಗ್ಲಾಸು ನೋಡಿದವಳೇ ಬಿಳಿಚಿಕೊಂಡಳು, "ನಾನು ಚಹಾ ಕುಡಿಯುವುದಿಲ್ಲ" ಎಂದು ಆಚೆ ದೂಡಿದಳು. ನಾನು ನನ್ನದನ್ನು ಕುಡಿದೆ. ಚಮಚ ಎರಡು ಸಲ ಜಾರಿತು ಅಬ್ಬಾ. ಅಡ್ಡ ಇಟ್ಟೆ.

ಎಲಿಫ್ ನೋಡಿ ಮುಂದೆ ಹೋದರು. ಉಮ್ಮ ಅವರನ್ನು ಕರೆದಳು. "ಇವಳಿಗೆ ಸ್ವಲ್ಪ ಚಹಾ ಹಾಕಿ, ಕೇಳ್ತಿದ್ದಾಳೆ."

"ಇಲ್ಲ ಅಮ್ಮ, ಸಾಕು ಅಂತ ಹೇಳ್ತಿದ್ದಾರೆ."

"ಚಮಚ ಮೇಲೆ ಉಂಟಲ್ಲ?"

"ಹೌದು ಅಮ್ಮ, ಅದಕ್ಕೇ. ಚಮಚ ಮೇಲೆ ಇಟ್ರೆ ಸಾಕು, ತುಂಬಿತು ಅಂತ. ನನ್ನ ಅಪ್ಪ, ನನ್ನ ಅಜ್ಜ ಎಲ್ಲರೂ ಹೀಗೆಯೇ."

ಉಮ್ಮ ನನ್ನ ಮುಖ ನೋಡಿದಳು, ಮತ್ತೆ ಅವರನ್ನು. "ಶಾರ್ಜಾದ ತುರ್ಕಿ ಹೋಟೆಲಿನಲ್ಲಿಯೂ ಹೀಗೆಯಾ?" ಎಂದು ಕೇಳಿದಳು. ತುರ್ಕಿಯವರು ಎಲ್ಲಿ ಹೋದರೂ ಹೀಗೆಯೇ ಎಂದರು ಎಲಿಫ್. ಆಮೇಲೆ ನಗು ಶುರುವಾಯಿತು. ನಿಮ್ಮ ಹೆಂಡತಿ ಐದು ಮೇಜಿನ ಹೋಟೆಲು ಎದ್ದು ನೋಡುವ ಹಾಗೆ ನಕ್ಕಳು, ಸೆರಗು ಬಾಯಿಗೆ ಒತ್ತಿಕೊಂಡು. "ಅಯ್ಯೋ ಅಲ್ಲಾ, ಆ ಮನುಷ್ಯನಿಗೆ ಎಷ್ಟು ಚಹಾ ಕುಡಿಸಿದೆ ನಾನು! ಬೇಡ ಅನ್ನಲಿಕ್ಕೆ ಬಾಯಿ ಇರಲಿಲ್ವಾ ಅವರಿಗೆ?" ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು, ಆಮೇಲೆ ನಗು ನಿಂತರೂ ಒರೆಸುವುದು ನಿಲ್ಲಲಿಲ್ಲ.

"ಹಾಗಾದರೆ ಆ ದಿನ ಅವರಿಗೆ..."

"ಸಾಕಾಗಿತ್ತು ಉಮ್ಮ. ತುಂಬಿತ್ತು."

ಆಚೆ ದೂಡಿದ್ದ ಗ್ಲಾಸನ್ನು ಉಮ್ಮ ಹತ್ತಿರಕ್ಕೆ ಎಳೆದುಕೊಂಡಳು. ಆರಿಹೋಗಿತ್ತು. ಎಲಿಫ್ ಬೇರೆ ತರುತ್ತೇನೆ ಎಂದರೂ ಕೊಡಲಿಲ್ಲ. ಮೂರು ವರ್ಷಗಳ ನಂತರ ಉಮ್ಮ ಚಹಾ ಕುಡಿದಳು ಅಬ್ಬಾ! ನಿಮಗೆ ಹೇಳಬೇಕೆಂದು ನಾನು ಹೊಟ್ಟೆಯಲ್ಲಿ ಕಟ್ಟಿಟ್ಟುಕೊಂಡಿದ್ದ ಸುದ್ದಿ ಇದೇ.

ಇನ್ನೊಂದು ಚೂರು ಉಳಿದಿದೆ, ಅದು ಇವತ್ತಿನದ್ದು. ಅಸರ್ ಆದ ಮೇಲೆ ಶೋಕೇಸಿನ ಬೀಗ ತೆಗೆದ ಸದ್ದು ಕೇಳಿತು. ಉಮ್ಮ ಆರೂ ಗ್ಲಾಸುಗಳನ್ನು ತೊಳೆದು, ಹೊಸ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿ, ಜಗಲಿಯಲ್ಲಿ ನನಗೊಂದು ತನಗೊಂದು ಚಹಾ ಹಾಕಿದಳು. ನಾನು ಕುಡಿದು, ನಗುತ್ತಾ ಚಮಚ ಅಡ್ಡ ಇಟ್ಟೆ. ಅವಳು ಎದ್ದು ಬಂದು ಚಮಚ ಎತ್ತಿ ಗ್ಲಾಸು ತುಂಬಿಸಿಬಿಟ್ಟಳು.

"ಉಮ್ಮ, ಸಾಕು ಅಂತ ಇಟ್ಟದ್ದು."

"ಗೊತ್ತುಂಟು. ಅದು ಅವರ ಹೋಟೆಲಿನಲ್ಲಿ. ಇದು ನಮ್ಮ ಮನೆ. ಕುಡಿ."

ಕೆಟಲ್ ಹಿಡಿದು ನಿಂತಿದ್ದಾಗ ಅವಳ ಮುಖ ಹೇಗಿತ್ತೆಂದರೆ... ನಿಮಗೆ ಯಾಕೆ ವರ್ಣಿಸಲಿ, ಆ ಮುಖವನ್ನು ಊರಿನಲ್ಲಿದ್ದಷ್ಟು ದಿನ ಪ್ರತಿ ಸಂಜೆ ನೋಡಿದವರು ನೀವು. ಊರಿನವರಿಗೆಲ್ಲ ಹಾಕಿ ಹಾಕಿ ಬಂದವರಿಗೆ ತನ್ನ ಜಗಲಿಯಲ್ಲಿ ಒಬ್ಬರು ಹೀಗೆ ನಿಂತು ಹಾಕುತ್ತಿದ್ದರೆ, ಬೇಡ ಎನ್ನಲು ಬಾಯಿ ಎಲ್ಲಿಂದ ಬರಬೇಕು? ಬಸ್ಸಿನಲ್ಲಿ ಸಿಗದ ಉತ್ತರ ಸಿಕ್ಕಿತು. ನಾನೂ ಏನೂ ಹೇಳದೆ ಕುಡಿದೆ. ಚಮಚ ಇಟ್ಟೆ, ಮತ್ತೆ ಬಂತು, ಅದನ್ನೂ ಕುಡಿದೆ. ಈಗ ಇದನ್ನು ಬರೆಯುತ್ತಿರುವಾಗ ನಾಲ್ಕನೆಯದು ಎದುರಿಗಿದೆ, ಕೆಟಲ್ ಇನ್ನೂ ಖಾಲಿಯಾಗಿಲ್ಲ. ನಿಮಗೆ ಸಾಕಾಗಿತ್ತಲ್ಲ ಅಬ್ಬಾ, ಆರಾಮವಾಗಿರಿ. ಇನ್ನು ಮುಂದೆ ಉಮ್ಮ ಹಾಕಿದಷ್ಟೂ ನಾನು ಕುಡಿಯುತ್ತೇನೆ.

ನಿಮ್ಮ,
ಸಮೀ