ಬಿಗಿಯಾಗಿದ್ದ ಬಿಳಿ ಕೀ

ರಾಜಾಜಿನಗರ, ಬೆಂಗಳೂರು
೧೨–೬–೧೯೮೬, ಗುರುವಾರ

ಮುದ್ದಿನ ಮೊಮ್ಮಗಳು ವಿಮಲಳಿಗೆ ತಾತ ಹನುಮಯ್ಯ ಮಾಡುವ ಆಶೀರ್ವಾದ.

ಭದ್ರಾವತಿಯ ನೀರು ಒಗ್ಗಿತೇ? ನೆಗಡಿ ಬಿಟ್ಟಿತೇ? ಇಲ್ಲಿ ನಾವಿಬ್ಬರೂ ಕ್ಷೇಮ. ನನ್ನ ಮಂಡಿನೋವು ಎಂದಿನಂತೆ, ನಿನ್ನ ಅಜ್ಜಿಯ ಬಾಯಿಯೂ ಎಂದಿನಂತೆ. ನೀನು ಟೈಪಿಂಗ್ ಕ್ಲಾಸಿಗೆ ಸೇರಿದ್ದೀಯೆಂದೂ, ಪಿಯಾನೋ ಮಾತನ್ನು ಯಾರೂ ಎತ್ತಬಾರದು ಎಂದಿದ್ದೀಯೆಂದೂ ನಿನ್ನಪ್ಪ ಬರೆದಿದ್ದಾನೆ. ನಾನು ಎತ್ತುತ್ತೇನೆ. ಮುದುಕರಿಗೆ ಅಷ್ಟಾದರೂ ಸಲಿಗೆ ಬೇಡವೇ?

ನೀನು ಓದಲು ನಮ್ಮಲ್ಲಿಗೆ ಬಂದ ವರ್ಷವೇ ಆ ಪಿಯಾನೋ ಬಂದದ್ದು. ಆಗ ನಿನಗೆ ಎಂಟು ವರ್ಷ. ದಂಡು ಪ್ರದೇಶದ ಶಾಲೆಯವರು ಬೆಂಚು ಮಾಡಿಸಲು ನನ್ನನ್ನು ಕರೆಸಿದವರು, ಗೆದ್ದಲು ಹಿಡಿದಿದೆ, ಬೇಕಾದರೆ ಒಯ್ಯಿರಿ ಎಂದು ಕೊಟ್ಟುಬಿಟ್ಟರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮರದ ಅಚ್ಚು ಮಾಡಿದ ಕೈ ಸುಮ್ಮನಿರುತ್ತದೆಯೇ? ಒಂದು ಬೇಸಿಗೆ ಪೂರ್ತಿ ಕೂತು, ಕೀಗಳ ತೂತಿನಲ್ಲಿದ್ದ, ಹುಳು ತಿಂದ ಉಣ್ಣೆಪಟ್ಟಿ ಕಿತ್ತು, ನನ್ನ ಕಂಬಳಿಯ ಅಂಚು ಕತ್ತರಿಸಿ ಒಂದೊಂದೇ ಕೀಗೆ ಅಂಟಿಸಿದೆ. "ಈ ಪೆಟ್ಟಿಗೆಗೆ ಮಾಡೋ ಸೇವೇಲಿ ಅರ್ಧ ನಂಗೆ ಮಾಡಿದ್ರೆ ಸಾಕಿತ್ತು" ಎಂದು ನಿನ್ನ ಅಜ್ಜಿ ಗೊಣಗುತ್ತಲೇ ಅದರ ಧೂಳು ಒರೆಸುತ್ತಿದ್ದಳು. ಮಹಾಲಕ್ಷ್ಮಿ ಲೇಔಟಿನಿಂದ ಕಲ್ಯಾಣಮ್ಮ ಟೀಚರ್ ಬಂದು ಕಲಿಸಿದರು. ಸಂಜೆ ನೀನು ನುಡಿಸುವಾಗ, ನಡುವಿನ ಆ ಒಂದು ಸ್ವರ ಬಂದಾಗಲೆಲ್ಲ ಕಣ್ಣು ಮುಚ್ಚಿ, ಭುಜವನ್ನೇ ಬಗ್ಗಿಸಿ ಒತ್ತುತ್ತಿದ್ದೆ. ನನಗೆ ಕಣ್ಣು ತುಂಬಿ ಬರುತ್ತಿತ್ತು. "ನೋಡಯ್ಯ, ಹೆಂಗೆ ಮನಸಿಟ್ಟು ನುಡಿಸ್ತಾಳೆ" ಎಂದು ಪಕ್ಕದ ಮನೆಯ ಮರಿಯಪ್ಪನ ಮುಂದೆ ಜಂಬ ಕೊಚ್ಚುತ್ತಿದ್ದೆ. ಆ ಸಂಜೆಗಳು ಈಗಲೂ ಬೇಕೆನಿಸುತ್ತವೆ, ಮಗು.

ಪಿಯಾನೋ ಪರೀಕ್ಷೆಗೆ ಹೋದಾಗ ಅಲ್ಲಿನ ಒಳ್ಳೆಯ ಪಿಯಾನೋದಲ್ಲಿ ಅದೇ ಸ್ವರ ಪ್ರತಿ ಸಲವೂ ಕಿರುಚಿತು. ಹೊರಗೆ ಕೂತ ನನಗೂ ಕೇಳಿಸಿತು. ಭಾವವಿದೆ, ಕೈ ಹಿಡಿತದಲ್ಲಿಲ್ಲ ಎಂದು ಬರೆದು ಫೇಲು ಮಾಡಿದರು. ಬಸ್ಸಿನಲ್ಲಿ ಬೆರಳುಗಳನ್ನು ದಾವಣಿಯಲ್ಲಿ ಮುಚ್ಚಿಕೊಂಡು "ನನ್ ಕೈಯೇ ಸರಿಯಿಲ್ಲ ತಾತ" ಅಂದೆಯಲ್ಲ, ಅದನ್ನು ನನಗೆ ತಡೆಯಲಾಗುತ್ತಿಲ್ಲ. ಹೋದ ವಾರ ಪಿಯಾನೋ ಬಿಚ್ಚಿ ನೋಡಿದೆ. ಆ ಒಂದು ಕೀಗೆ ಕಂಬಳಿ ಎರಡು ಪದರ ಬಿದ್ದು ಬಿಗಿಯಾಗಿತ್ತು. ಭಾರ ಹಾಕದೆ ಅದು ಇಳಿಯುತ್ತಲೇ ಇರಲಿಲ್ಲ. ನಾನು ಭಾವ ಅಂದುಕೊಂಡದ್ದರಲ್ಲಿ ಅರ್ಧ, ನೀನು ಆ ಕೀ ಜೊತೆ ಗುದ್ದಾಡಿದ್ದು. ಪರೀಕ್ಷೆಯಲ್ಲಿ ಸ್ವರ ಕಿರುಚಿದ್ದೂ ಅದೇ ರೂಢಿಯಿಂದ. ಒಂದು ಪದರ ಕಿತ್ತು ಹಾಕಿದೆ. ಕಲ್ಯಾಣಮ್ಮ ಟೀಚರ್ ಬಂದು ನುಡಿಸಿ ನೋಡಿ, "ಆ ಕೀ ಮೇಲೇ ಅಷ್ಟು ಚೆಂದ ನುಡಿಸಿದೋಳು, ಇನ್ನು ಇದರ ಮೇಲೆ ನುಡಿಸ್ದೆ ಇರ್ತಾಳಾ ಹನುಮಯ್ಯನೋರೆ?" ಅಂದರು. ಆರು ತಿಂಗಳಲ್ಲಿ ಕೈ ಹದಕ್ಕೆ ಬರುತ್ತದಂತೆ.

ಅಪ್ಪ ಅಮ್ಮನಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಬೇಡವೆಂದು ಅಜ್ಜಿ ಹೇಳಿದ್ದಾಳೆ.

ನಿನ್ನ ತಾತ,
ಹನುಮಯ್ಯ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಹೋದ ವಾರ ಗೊತ್ತಾಯಿತು ಎನ್ನುವಂತೆ ಬರೆದದ್ದು ಸುಳ್ಳು. ನೀನು ಕಲಿಯಲು ತೊಡಗಿದ ಎರಡನೇ ವರ್ಷವೇ ಕಲ್ಯಾಣಮ್ಮ ಟೀಚರ್ ನನ್ನನ್ನು ಆಚೆ ಕರೆದು, "ಆ ಕೀ ಸಡಿಲ ಮಾಡಿ, ಮಗೂ ಕೈ ಕೆಡುತ್ತೆ" ಅಂದಿದ್ದರು. ಅವರು ಕೇಳಿದಾಗಲೆಲ್ಲ ಮರ ಉಬ್ಬಿದೆ, ಮಳೆಗಾಲ ಕಳೆಯಲಿ ಎಂದು ಸಬೂಬು ಹೇಳಿದೆ. ಹತ್ತು ನಿಮಿಷದ ಕೆಲಸ. ನೀನು ಹಾಗೆ ಭುಜ ಬಗ್ಗಿಸುವುದನ್ನು ನೋಡುವ ಆಸೆಯಿಂದ ಅದನ್ನು ಮಾಡದೇ ಬಿಟ್ಟೆ. ನಿನ್ನ ಕೈ ಕೆಡಿಸಿದವನು ನಾನು. ಮುಂದಿನ ಪರೀಕ್ಷೆಯ ಅರ್ಜಿ ಇದರ ಜೊತೆ ಇಟ್ಟಿದ್ದೇನೆ, ಸಹಿ ಹಾಕಿ ಕಳಿಸು. ಕೋಪವಿದ್ದರೆ ನನ್ನ ಜೊತೆ ಮಾತು ಬಿಡು. ನುಡಿಸುವುದನ್ನು ಬಿಡಬೇಡ.